ಮನೆಮನೆ ತಿರುಗುವ ಬಿಎಲ್‌ಒಗೆ ಕಾನೂನಿನ ಆಸರೆ ಎಷ್ಟು?

ಪ್ರಶ್ನೆ
ಕೇಳಿದವರು: ಗಡಿಶಾಲೆಯ ಮಾಸ್ತರ್

ಮಂಜೇಶ್ವರ ತಾಲೂಕಿನ ಒಂದು ಸರ್ಕಾರಿ ಕನ್ನಡ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಧ್ಯಾಪಕನಾಗಿರುವ ನಾನು ಮೂರು ವರ್ಷಗಳಿಂದ ಒಂದು ಮತಗಟ್ಟೆಯ ಬಿಎಲ್‌ಒ, ಅಂದರೆ ಮನೆಮನೆಗೆ ಹೋಗಿ ಮತದಾರರ ಪಟ್ಟಿಯನ್ನು ಪರಿಶೀಲಿಸುವ ಬೂತ್ ಮಟ್ಟದ ಅಧಿಕಾರಿಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದೇನೆ. ನನ್ನ ಭಾಗದಲ್ಲಿ ಗಲ್ಫಿಗೆ ಹೋದವರು ಬಹಳ ಮಂದಿ. ಮಂಗಳೂರಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ದುಡಿಯುತ್ತ ಶನಿವಾರ ಸಂಜೆ ತಲಪಾಡಿ ದಾಟಿ ಮನೆಗೆ ಬರುವವರೂ ಕಡಿಮೆಯೇನಲ್ಲ. ಯಾರು ಇಲ್ಲಿಯ ನಿವಾಸಿ, ಯಾರು ಅಲ್ಲ ಎಂಬ ಜಗಳ ಇಲ್ಲಿ ಹೊಸದಲ್ಲ. ಆದರೆ ಈ ಸಲ ಅದು ನನ್ನ ಕೊರಳಿಗೇ ಬಂದಿದೆ.

ಕೆಲವು ದಿನಗಳ ಹಿಂದೆ ಒಂದು ಪಕ್ಷದ ಬೂತ್ ಏಜೆಂಟರು ಪಟ್ಟಿಯಿಂದ ಬೇರೆಯವರ ಹೆಸರು ತೆಗೆಯಬೇಕೆಂದು ಕೋರುವ ನಲವತ್ತಕ್ಕೂ ಹೆಚ್ಚು ಫಾರಂ 7 ಅರ್ಜಿಗಳ ಕಟ್ಟನ್ನು ಶಾಲೆಗೇ ತಂದರು. ಎಲ್ಲವೂ ಒಂದೇ ಕೈಬರಹ, ಎಲ್ಲದರಲ್ಲೂ ‘ಸ್ಥಳದಲ್ಲಿ ವಾಸವಿಲ್ಲ’ ಎಂಬ ಒಂದೇ ಕಾರಣ. ಅಲ್ಲೇ ಕುಳಿತು ‘ಪರಿಶೀಲಿಸಿದೆ, ವಾಸವಿಲ್ಲ’ ಎಂದು ಬರೆದುಕೊಡಬೇಕೆಂಬುದು ಅವರ ಒತ್ತಾಯ. ನಾನು ಒಪ್ಪದಿದ್ದಾಗ, ಪಕ್ಷಪಾತಿ ಎಂದು ದೂರು ಕೊಟ್ಟು ವರ್ಗ ಮಾಡಿಸುತ್ತೇವೆ ಎಂದು ಹೇಳಿ ಹೋದರು. ಸುದ್ದಿ ಊರಿನಲ್ಲಿ ಹರಡಿ, ಮರುದಿನವೇ ಆ ಕಟ್ಟಿನಲ್ಲಿದ್ದ ಹೆಸರೊಂದರ ಮನೆಯವರು ಫೋನ್ ಮಾಡಿ, ದುಬೈಯಲ್ಲಿರುವ ತಮ್ಮ ಮಗನ ಹೆಸರು ಪಟ್ಟಿಯಿಂದ ಹೋದರೆ ನನ್ನ ಮೇಲೆ ನಷ್ಟ ಪರಿಹಾರದ ದಾವೆ ಹೂಡುವುದಾಗಿ ಎಚ್ಚರಿಸಿದರು.

ನನ್ನನ್ನು ಈ ಕೆಲಸಕ್ಕೆ ನೇಮಿಸಿದವರು ಕಾನೂನಿನ ದೃಷ್ಟಿಯಲ್ಲಿ ಯಾರು? ಶಿಕ್ಷಣ ಇಲಾಖೆಯೋ, ಕಂದಾಯ ಇಲಾಖೆಯೋ, ಚುನಾವಣಾ ಆಯೋಗವೋ? ನಡುವೆ ನನ್ನನ್ನು ವರ್ಗ ಮಾಡಬಹುದೇ? ದಾವೆ ಬಂದರೆ ನನ್ನ ರಕ್ಷಣೆಗೆ ಯಾವ ಕಲಂ ಇದೆ? ತಿಳಿದವರು ವಿವರಿಸಿದರೆ ಉಪಕಾರವಾದೀತು.


ಉತ್ತರ 1
ಬರೆದವರು: ಕೋರ್ಟ್ ರಸ್ತೆಯ ವಕೀಲ, ಕಾಸರಗೋಡು

ಮಾಸ್ತರರೇ, ನಿಮ್ಮ ಮೊದಲ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಉಳಿದ ಎರಡಕ್ಕೆ ಅರ್ಧ ಉತ್ತರ ಸಿಕ್ಕಂತೆ, ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮತದಾರರ ಪಟ್ಟಿಯ ತಯಾರಿಯ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಸಂವಿಧಾನದ 324ನೇ ವಿಧಿ ಚುನಾವಣಾ ಆಯೋಗಕ್ಕೆ ಕೊಟ್ಟಿದೆ. ಆದರೆ ಆಯೋಗಕ್ಕೆ ಹಳ್ಳಿಹಳ್ಳಿಯಲ್ಲಿ ಸ್ವಂತ ಸಿಬ್ಬಂದಿ ಇಲ್ಲ. ಆದುದರಿಂದಲೇ ಅದೇ ವಿಧಿಯ 6ನೇ ಉಪವಿಧಿ, ಆಯೋಗ ಕೇಳಿದಾಗ ರಾಷ್ಟ್ರಪತಿ ಅಥವಾ ರಾಜ್ಯಪಾಲರು ಬೇಕಾದ ಸಿಬ್ಬಂದಿಯನ್ನು ಒದಗಿಸಬೇಕು ಎನ್ನುತ್ತದೆ. ಎರವಲು ತಂದ ಈ ನೌಕರರು ಯಾರ ಮಾತು ಕೇಳಬೇಕೆಂಬುದನ್ನು 1950ರ ಜನಪ್ರಾತಿನಿಧ್ಯ ಕಾಯ್ದೆ ಹಂತಹಂತವಾಗಿ ಹೇಳುತ್ತದೆ. 13ಎ ಕಲಮಿನಡಿ ರಾಜ್ಯದ ಮುಖ್ಯ ಚುನಾವಣಾಧಿಕಾರಿ, 13ಎಎ ಅಡಿಯಲ್ಲಿ ಜಿಲ್ಲಾ ಚುನಾವಣಾಧಿಕಾರಿ, ಎಂದರೆ ನಮ್ಮಲ್ಲಿ ಕಲೆಕ್ಟರ್. 13ಬಿ ಅಡಿಯಲ್ಲಿ ಪ್ರತಿ ಕ್ಷೇತ್ರಕ್ಕೆ ಒಬ್ಬ ಮತದಾರರ ನೋಂದಣಿ ಅಧಿಕಾರಿ, ನಾವೆಲ್ಲ ಇಆರ್‌ಒ ಎಂದು ಕರೆಯುವವರು. ಈ ಮೂರು ಸ್ಥಾನಗಳಿಗೆ ಸರ್ಕಾರದ ಜೊತೆ ಸಮಾಲೋಚಿಸಿ ಆಯೋಗವೇ ಅಧಿಕಾರಿಗಳನ್ನು ಹೆಸರಿಸುತ್ತದೆ. ಇಆರ್‌ಒ ಆಗಿ ಸ್ಥಳೀಯ ಸಂಸ್ಥೆಯ ಅಧಿಕಾರಿಯನ್ನೂ ಹೆಸರಿಸಬಹುದು. 13ಸಿ ಅಡಿಯಲ್ಲಿ ಸಹಾಯಕ ನೋಂದಣಿ ಅಧಿಕಾರಿಗಳನ್ನು ಆಯೋಗ ನೇಮಿಸುತ್ತದೆ. ನೀವು ಬರುವುದು 13ಬಿ ಕಲಮಿನ 2ನೇ ಉಪಕಲಮಿನಲ್ಲಿ: ಪಟ್ಟಿಯ ತಯಾರಿಗೂ ಪರಿಷ್ಕರಣೆಗೂ ತನಗೆ ಸೂಕ್ತವೆಂದು ಕಂಡವರನ್ನು ಇಆರ್‌ಒ ತೊಡಗಿಸಿಕೊಳ್ಳಬಹುದು ಎಂದು ಅದು ಹೇಳುತ್ತದೆ. ‘ಬಿಎಲ್‌ಒ’ ಎಂಬ ಹೆಸರು ಮೂಲ ಕಾಯ್ದೆಯಲ್ಲಿ ಕಾಣಿಸುವುದಿಲ್ಲ. 2006ರಲ್ಲಿ ಆಯೋಗ ಜಾರಿಗೆ ತಂದ ವ್ಯವಸ್ಥೆ ಅದು. ಆದರೂ ನಿಮ್ಮ ನೇಮಕಾತಿಗೆ ಬೇರು ಕಾಯ್ದೆಯಲ್ಲೇ ಇದೆ.

ಮುಖ್ಯವಾದದ್ದು 13ಸಿಸಿ ಕಲಂ. ಪಟ್ಟಿಯ ಕೆಲಸದಲ್ಲಿ ತೊಡಗಿರುವ ಎಲ್ಲ ಅಧಿಕಾರಿಗಳೂ ಸಿಬ್ಬಂದಿಯೂ ಆ ಅವಧಿಯಲ್ಲಿ ಆಯೋಗಕ್ಕೆ ನಿಯೋಜನೆಯ ಮೇಲೆ ಹೋಗಿದ್ದಾರೆ ಎಂದೇ ಭಾವಿಸತಕ್ಕದ್ದು, ಅವರು ಆಯೋಗದ ನಿಯಂತ್ರಣ, ಮೇಲ್ವಿಚಾರಣೆ ಮತ್ತು ಶಿಸ್ತಿಗೆ ಒಳಪಟ್ಟವರು ಎಂದು ಅದು ಹೇಳುತ್ತದೆ. ಸಂಬಳ ಶಿಕ್ಷಣ ಇಲಾಖೆಯದ್ದು, ಆದೇಶ ಕಂದಾಯ ಅಧಿಕಾರಿಯ ಸಹಿಯದ್ದು, ಆದರೆ ಈ ಕೆಲಸದ ಮಟ್ಟಿಗೆ ಯಜಮಾನ ಆಯೋಗ. ಪರಿಷ್ಕರಣೆ ನಡೆಯುತ್ತಿರುವಾಗ ಆ ಕೆಲಸದಲ್ಲಿರುವವರನ್ನು ತನ್ನ ಒಪ್ಪಿಗೆಯಿಲ್ಲದೆ ವರ್ಗ ಮಾಡಬಾರದೆಂದು ಆಯೋಗ ರಾಜ್ಯಗಳಿಗೆ ಸೂಚನೆ ಕೊಡುವುದು ಈ ಬಲದ ಮೇಲೆಯೇ. ಬೂತ್ ಏಜೆಂಟರು ಹೇಳಿದ ಮಾತ್ರಕ್ಕೆ ಆಗುವ ಕೆಲಸವಲ್ಲ ಅದು.

ದಾವೆಯ ಬೆದರಿಕೆಗೆ ಉತ್ತರ ಎರಡು ಕಡೆ ಇದೆ. ಒಬ್ಬನಿಗೆ ಪಟ್ಟಿಯಲ್ಲಿ ಇರುವ ಹಕ್ಕು ಇದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನಾಗಲಿ, ಇಆರ್‌ಒ ಅಧಿಕಾರದಡಿ ನಡೆದ ಕ್ರಮದ ಸಿಂಧುತ್ವವನ್ನಾಗಲಿ ಸಿವಿಲ್ ನ್ಯಾಯಾಲಯ ಕೈಗೆತ್ತಿಕೊಳ್ಳುವಂತಿಲ್ಲ ಎಂದು 30ನೇ ಕಲಂ ಹೇಳುತ್ತದೆ. 32ನೇ ಕಲಮಿನ 2ನೇ ಉಪಕಲಂ ಇನ್ನೂ ನೇರವಾಗಿದೆ: ಕರ್ತವ್ಯಲೋಪವೆನ್ನಲಾದ ಕೃತ್ಯಕ್ಕಾಗಲಿ ಲೋಪಕ್ಕಾಗಲಿ ಇಂಥ ಅಧಿಕಾರಿಯ ಮೇಲೆ ನಷ್ಟ ಪರಿಹಾರದ ದಾವೆ ನಡೆಯುವುದಿಲ್ಲ. ಹಾಗೆಂದು ಆ ಮನೆಯವರು ಅಸಹಾಯಕರೇನಲ್ಲ. ಇಆರ್‌ಒ ತೀರ್ಮಾನದ ವಿರುದ್ಧ 24ನೇ ಕಲಮಿನಡಿ 15 ದಿನಗಳೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಲ್ಲಿಯೂ ಆಗದಿದ್ದರೆ 30 ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗೆ ಅಪೀಲು ಹೋಗಬಹುದು. ಜಗಳ ಇರಬೇಕಾದದ್ದು ತೀರ್ಮಾನದ ಮೇಲೆ, ಮನೆಬಾಗಿಲಿಗೆ ಬಂದ ಮಾಸ್ತರರ ಮೇಲಲ್ಲ ಎಂಬುದು ಕಾಯ್ದೆಯ ಯೋಚನೆ.


ಉತ್ತರ 2
ಬರೆದವರು: ಹಳೆಯ ದಫ್ತರದವ

ಕಂದಾಯ ಇಲಾಖೆಯಲ್ಲಿ ಚುನಾವಣಾ ವಿಭಾಗದ ಕಡತಗಳ ನಡುವೆ ಹಲವು ವರ್ಷ ಕಳೆದು ನಿವೃತ್ತನಾದವನು ನಾನು. ವಕೀಲರು ಕಾನೂನು ಹೇಳಿದ್ದಾರೆ. ನಾನು ಕಾಗದದ ಮಾತು ಹೇಳುತ್ತೇನೆ, ಏಕೆಂದರೆ ಕೊನೆಗೆ ಕಾಯುವುದು ಕಾಗದವೇ.

ಮಂಜೇಶ್ವರದಲ್ಲಿ ಈ ಒತ್ತಡ ಏಕೆ ಇಷ್ಟು ಜಾಸ್ತಿ ಎಂಬುದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಪಿ. ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರ ವಿರುದ್ಧ ಗೆದ್ದದ್ದು ಬರೇ 89 ಮತಗಳಿಂದ. ಊರಿನಲ್ಲಿಲ್ಲದವರ ಮತ್ತು ತೀರಿಕೊಂಡವರ ಹೆಸರಿನಲ್ಲಿ ಮತ ಬಿದ್ದಿದೆಯೆಂದು ಸೋತವರು ಹೈಕೋರ್ಟಿಗೆ ಹೋದರು. ಶಾಸಕರ ನಿಧನದ ನಂತರ 2019ರಲ್ಲಿ ಆ ತಕರಾರನ್ನು ಹಿಂದಕ್ಕೆ ಪಡೆಯಲಾಯಿತು. 2021ರ ಅಂತರವೂ 745 ಮಾತ್ರ. ಎಂಟು ಪಂಚಾಯತುಗಳ ಕ್ಷೇತ್ರದಲ್ಲಿ ಫಲಿತಾಂಶ ಇಷ್ಟು ತೆಳುವಾದ ದಾರದಲ್ಲಿ ತೂಗುತ್ತಿರುವಾಗ ಪ್ರತಿಯೊಂದು ಪಕ್ಷವೂ ಬಿಎಲ್‌ಒ ಕೈಯಲ್ಲಿರುವ ಪಟ್ಟಿಯನ್ನು ಭೂತಗನ್ನಡಿ ಹಿಡಿದು ನೋಡುವುದು ಸಹಜ. ಅದು ತಪ್ಪೂ ಅಲ್ಲ, ನೋಡಬೇಕಾದದ್ದೇ. ಆದರೆ ಅದಕ್ಕೊಂದು ಕ್ರಮವಿದೆ.

ಮೊದಲನೆಯದಾಗಿ, ಹೆಸರು ತೆಗೆಯುವ ಅಧಿಕಾರ ನಿಮಗಿಲ್ಲ, ಉಳಿಸುವ ಅಧಿಕಾರವೂ ಇಲ್ಲ. ನೀವು ಸ್ಥಳಕ್ಕೆ ಹೋಗಿ ಕಂಡದ್ದನ್ನು ವರದಿ ಮಾಡುವವರು, ತೀರ್ಮಾನ ಇಆರ್‌ಒದ್ದು. ಈ ಒಂದು ಮಾತನ್ನು ಎರಡೂ ಕಡೆಯವರಿಗೆ ಸ್ಪಷ್ಟವಾಗಿ ಹೇಳದಿರುವುದೇ ಬಿಎಲ್‌ಒಗಳು ಮಾಡುವ ದೊಡ್ಡ ತಪ್ಪು. ಊರಿನಲ್ಲಿ ಗೌರವದಿಂದ ಬದುಕಿದವರು, ‘ನೋಡೋಣ, ಮಾಡಿಕೊಡುವ’ ಎಂದು ಬಾಯಿಮಾತಿಗೆ ಹೇಳಿಬಿಡುತ್ತಾರೆ, ನಂತರ ಆ ಮಾತೇ ಉರುಳಾಗುತ್ತದೆ.

ಎರಡನೆಯದಾಗಿ, ಫಾರಂ 7 ಕೊಡುವವನ ಹೆಸರು ಅದೇ ಕ್ಷೇತ್ರದ ಪಟ್ಟಿಯಲ್ಲಿರಬೇಕು, ಅರ್ಜಿಗೆ ಅವನದೇ ಸಹಿ ಬೇಕು. ಬೂತ್ ಏಜೆಂಟರು ಅರ್ಜಿಗಳನ್ನು ಕಟ್ಟುಗಟ್ಟಿ ತರುವುದಕ್ಕೆ ಆಯೋಗ ಮಿತಿ ಹಾಕಿದೆ; ಸಾಮಾನ್ಯ ಕಾಲದಲ್ಲಿ ದಿನಕ್ಕೆ 10, ತೀವ್ರ ಪರಿಷ್ಕರಣೆಯ ಹಂತಗಳಲ್ಲಿ ಬೇರೆ ಸಂಖ್ಯೆ ನಿಗದಿಯಾಗುವುದುಂಟು. ಸ್ವೀಕರಿಸಿದ ಅರ್ಜಿಗೆ ರಸೀದಿ ಕೊಡಿ. ಮಿತಿ ಮೀರಿದ್ದನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಅಂದೇ ಇಆರ್‌ಒಗೆ ಬರೆದು ತಿಳಿಸಿ. ಒಂದೇ ಕೈಬರಹವೆಂಬುದನ್ನೂ ಬರೆಯಿರಿ, ಆದರೆ ‘ಸುಳ್ಳು ಅರ್ಜಿಗಳು’ ಎಂದು ಬರೆಯಬೇಡಿ. ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಸುಳ್ಳೆಂದು ತಿಳಿದೂ ಹೇಳಿಕೆ ಕೊಟ್ಟವರಿಗೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಸಜೆಯಿದೆ ಎಂಬುದನ್ನು ಏಜೆಂಟರಿಗೆ ಮೆಲ್ಲಗೆ ನೆನಪಿಸುವುದರಲ್ಲಿ ತಪ್ಪಿಲ್ಲ. ನನ್ನ ಅನುಭವದಲ್ಲಿ, ಅದನ್ನು ಕೇಳಿದ ಮೇಲೆ ಕಟ್ಟು ತುಸು ತೆಳ್ಳಗಾಗುತ್ತದೆ.

ಇನ್ನು ದುಬೈಯ ಹುಡುಗನ ವಿಷಯ. ತಾತ್ಕಾಲಿಕವಾಗಿ ಊರು ಬಿಟ್ಟವನು ಅಷ್ಟರಿಂದಲೇ ಸಾಮಾನ್ಯ ನಿವಾಸಿ ಅಲ್ಲದೆ ಹೋಗುವುದಿಲ್ಲ. ಊರಿನಲ್ಲಿ ಒಂದು ಮನೆ ಇದ್ದ ಮಾತ್ರಕ್ಕೆ ನಿವಾಸಿಯೂ ಆಗುವುದಿಲ್ಲ. 20ನೇ ಕಲಂ ಎರಡನ್ನೂ ಹೇಳುತ್ತದೆ, ನಡುವಿನ ಗೆರೆಯನ್ನು ಎಳೆಯುವುದು ವಿಚಾರಣೆಯಲ್ಲಿ. ವಿದೇಶದಲ್ಲಿ ದುಡಿಯುವ, ಬೇರೆ ದೇಶದ ಪೌರತ್ವ ಪಡೆಯದ ಭಾರತೀಯರಿಗೆ 20ಎ ಕಲಮಿನಡಿ ಪಾಸ್‌ಪೋರ್ಟಿನ ವಿಳಾಸದ ಕ್ಷೇತ್ರದಲ್ಲಿಯೇ ಸಾಗರೋತ್ತರ ಮತದಾರರಾಗಿ ಸೇರಲು ಫಾರಂ 6ಎ ಇದೆ. ಮನೆಯವರಿಗೆ ಇದನ್ನು ಹೇಳಿದ್ದರೆ ದಾವೆಯ ಮಾತು ಬರುತ್ತಿತ್ತೋ ಇಲ್ಲವೋ! ಮಂಗಳೂರಿನ ಕೋಣೆಯವರದ್ದು ಬೇರೆ ತೊಡಕು: ಎರಡು ಕ್ಷೇತ್ರಗಳಲ್ಲಿ ಹೆಸರಿಟ್ಟುಕೊಳ್ಳುವುದನ್ನು 17ನೇ ಕಲಂ ಒಪ್ಪುವುದಿಲ್ಲ, ಯಾವುದನ್ನು ಉಳಿಸಿಕೊಳ್ಳುತ್ತೇವೆಂದು ಅವರೇ ನಿರ್ಧರಿಸಿ ಅರ್ಜಿ ಹಾಕಬೇಕು.

ಆಕ್ಷೇಪಕ್ಕೆ ಗುರಿಯಾದವರಿಗೆ ನೋಟಿಸ್ ಕೊಡದೆ, ಮಾತು ಕೇಳದೆ ಹೆಸರು ತೆಗೆಯುವಂತಿಲ್ಲ. ಮುಂಬಯಿ ಮತ್ತು ದೆಹಲಿಯ ಕೆಲವು ಬಡಾವಣೆಗಳವರಿಗೆ ವಿದೇಶೀಯರೆಂಬ ಅನುಮಾನದ ಮೇಲೆ ನೋಟಿಸ್ ಹೋದಾಗ, 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಶಾಲೆಯ ಬೆಂಚಿನ ಮೇಲೆ ಕುಳಿತು ‘ವಾಸವಿಲ್ಲ’ ಎಂದು ಬರೆಯಲು ಒಪ್ಪದೆ ನೀವು ಆ ಮನೆಯವರನ್ನಷ್ಟೇ ಅಲ್ಲ, ನಿಮ್ಮನ್ನೂ ಉಳಿಸಿಕೊಂಡಿದ್ದೀರಿ.


ಉತ್ತರ 3
ಬರೆದವರು: ಅಂಗನವಾಡಿ ಟೀಚರ್, ಬದಿಯಡ್ಕ ಕಡೆಯವಳು

ಎರಡೂ ಉತ್ತರಗಳನ್ನು ಓದಿದೆ. ನನಗೂ ಬಿಎಲ್‌ಒ ಕೆಲಸವಿದೆ, ಮತ್ತು ನನಗೆ ಇದರಲ್ಲಿ ಅಷ್ಟು ಧೈರ್ಯ ಕಾಣುವುದಿಲ್ಲ. 32ನೇ ಕಲಮಿನ 2ನೇ ಉಪಕಲಮನ್ನು ವಕೀಲರು ಹೇಳಿದರು, 1ನೇ ಉಪಕಲಮನ್ನು ಏಕೆ ಬಿಟ್ಟರು? ಸಮಂಜಸ ಕಾರಣವಿಲ್ಲದೆ ಕರ್ತವ್ಯ ತಪ್ಪಿದವರಿಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ ಸಜೆ ಮತ್ತು ದಂಡ ಎಂದು ಅಲ್ಲಿದೆ. ನಮಗೆ ಆ ಕಲಂ ಪರಿಚಯವಾದದ್ದೇ ಬೆದರಿಕೆಯ ರೂಪದಲ್ಲಿ. ಕೆಲಸ ನಿಧಾನವಾಯಿತೆಂದು ಬಂದ ಮೆಮೋದಲ್ಲಿ ಅದರ ಸಂಖ್ಯೆ ಇತ್ತು, ರಕ್ಷಣೆಯ ಭಾಗದ ಉಲ್ಲೇಖ ಇರಲಿಲ್ಲ. ಮತದಾನದ ದಿನ ಕರ್ತವ್ಯ ತಪ್ಪಿದ ಅಧಿಕಾರಿಗೆ 1951ರ ಕಾಯ್ದೆಯ 134ನೇ ಕಲಂ ಹಾಕುವುದು 500 ರೂಪಾಯಿವರೆಗಿನ ದಂಡ. ಗುಡ್ಡ ಹತ್ತಿಳಿದು ಮನೆ ಹುಡುಕುವವಳಿಗೆ ಜೈಲು, ಮತಗಟ್ಟೆಯಲ್ಲಿ ಕುಳಿತವರಿಗೆ 500 ರೂಪಾಯಿ, ಇದು ಯಾವ ತೂಕ?

2025ರ ನವೆಂಬರ್ 4ರಂದು ಕೇರಳದಲ್ಲಿ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ ನಾವು ಹಗಲು ಅಂಗನವಾಡಿ, ಸಂಜೆ ಮನೆಭೇಟಿ, ರಾತ್ರಿ ಮೊಬೈಲಿನಲ್ಲಿ ದಾಖಲಾತಿ ಎಂದು ದಿನ ಕಳೆದೆವು. ಅದಕ್ಕೆ ಮೂರು ತಿಂಗಳ ಮೊದಲು ಆಯೋಗ ಬಿಎಲ್‌ಒ ಗೌರವಧನವನ್ನು ವರ್ಷಕ್ಕೆ 6,000ದಿಂದ 12,000 ರೂಪಾಯಿಗೆ ಏರಿಸಿತು, ಸಂತೋಷವೇ. ಆದರೆ ಮನೆಯವರು ನಾಯಿ ಬಿಟ್ಟರೆ, ಯಾರಾದರೂ ಫಾರಂ ಕಿತ್ತುಕೊಂಡು ಹರಿದರೆ ನಾನು ಯಾರು? ನಾನು ಸರ್ಕಾರಿ ನೌಕರಳಲ್ಲ, ಗೌರವಧನದವಳು. ಕಾನೂನಿನ ‘ಸಾರ್ವಜನಿಕ ಸೇವಕ’ ಎಂಬ ಮಾತಿನೊಳಗೆ ನನ್ನಂಥವಳು ಬರುತ್ತಾಳೆಯೇ?


ಉತ್ತರ 4
ಬರೆದವರು: ಕೋರ್ಟ್ ರಸ್ತೆಯ ವಕೀಲ, ಕಾಸರಗೋಡು

ಟೀಚರ್ ಹೇಳಿದ್ದು ನ್ಯಾಯ. 1ನೇ ಉಪಕಲಮನ್ನು ನಾನು ಬಿಟ್ಟದ್ದು ಸರಿಯಲ್ಲ, ಏಕೆಂದರೆ ಒಂದೇ ಕಲಮಿನಲ್ಲಿ ಏಟೂ ಇದೆ, ಗುರಾಣಿಯೂ ಇದೆ.

ಆದರೆ ಅದೇ ಕಲಮಿನ 3ನೇ ಉಪಕಲಮನ್ನೂ ಓದಬೇಕು. ಚುನಾವಣಾ ಆಯೋಗದ ಅಥವಾ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಆದೇಶದಿಂದ ಇಲ್ಲವೇ ಅವರು ಕೊಟ್ಟ ಅಧಿಕಾರದಿಂದ ದೂರು ಸಲ್ಲಿಕೆಯಾಗದಿದ್ದರೆ ಯಾವ ನ್ಯಾಯಾಲಯವೂ ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಊರಿನ ಪುಢಾರಿಯೊಬ್ಬ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ 32ನೇ ಕಲಮಿನಡಿ ನಿಮ್ಮನ್ನು ನಿಲ್ಲಿಸಲಾರ. ‘ಸಮಂಜಸ ಕಾರಣವಿಲ್ಲದೆ’ ಎಂಬ ಮಾತಿಗೂ ತೂಕವಿದೆ. ಮಳೆ, ಕಾಯಿಲೆ, ಮನೆಗೆ ಮೂರು ಸಲ ಹೋದರೂ ಬೀಗ, ಇವೆಲ್ಲ ಆಯಾ ದಿನವೇ ಬರಹದಲ್ಲಿದ್ದರೆ ಕಾರಣಗಳೇ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು: ಈ ರಕ್ಷಣೆ ಕರ್ತವ್ಯಲೋಪದ ಅಪರಾಧಕ್ಕೆ ಸಂಬಂಧಿಸಿದ್ದು. ಬಿಎಲ್‌ಒ ತಾನೇ ಇನ್ನೊಬ್ಬರ ಸಹಿ ಹಾಕಿದರೆ ಅದು ಖೋಟಾ ಸಹಿಯ ಬೇರೆಯೇ ಅಪರಾಧ, ಅಲ್ಲಿ ಈ ಗುರಾಣಿ ಕೆಲಸಕ್ಕೆ ಬರುವುದಿಲ್ಲ.

ಸಾರ್ವಜನಿಕ ಸೇವಕ ಎಂಬ ಪ್ರಶ್ನೆಗೆ ಬರುತ್ತೇನೆ. ಮತದಾರರ ಪಟ್ಟಿಯನ್ನು ತಯಾರಿಸಲು, ಪ್ರಕಟಿಸಲು, ನಿರ್ವಹಿಸಲು ಅಥವಾ ಪರಿಷ್ಕರಿಸಲು ಅಧಿಕಾರವುಳ್ಳ ಹುದ್ದೆಯಲ್ಲಿರುವವರನ್ನು ಹಳೆಯ ದಂಡಸಂಹಿತೆಯ 21ನೇ ಕಲಂ ಹೆಸರಿಟ್ಟೇ ಸೇರಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ವ್ಯಾಖ್ಯಾನದ ಕಲಮಿನಲ್ಲೂ ಅದು ಉಳಿದಿದೆ. ಬಿಎಲ್‌ಒ ಸ್ವತಃ ಅಂಥ ‘ಹುದ್ದೆ’ಯಲ್ಲಿದ್ದಾರೆಯೇ ಎಂದು ಎದುರು ವಕೀಲರು ವಾದ ಹೂಡಬಹುದು. ಆದರೆ ಸಾರ್ವಜನಿಕ ಕರ್ತವ್ಯಕ್ಕಾಗಿ ಸರ್ಕಾರದಿಂದ ಶುಲ್ಕದ ರೂಪದಲ್ಲಿ ಪ್ರತಿಫಲ ಪಡೆಯುವವರೂ ಅದೇ ವ್ಯಾಖ್ಯಾನದೊಳಗೆ ಬರುತ್ತಾರೆ, ಹಾಗಾಗಿ ಗೌರವಧನವೆಂಬ ಕಾರಣಕ್ಕೆ ನಿಮ್ಮನ್ನು ಹೊರಗಿಡುವುದು ಸುಲಭವಲ್ಲವೆಂಬುದು ನನ್ನ ಅಭಿಪ್ರಾಯ. ಈ ಹೊಸ ಸಂಹಿತೆಯಲ್ಲಿ ಕೆಲಸಕ್ಕೆ ಅಡ್ಡಿಪಡಿಸುವುದು 221ನೇ ಕಲಂ, ಕರ್ತವ್ಯ ತಡೆಯಲು ಹಲ್ಲೆ ಅಥವಾ ಬಲಪ್ರಯೋಗ 132ನೇ ಕಲಂ, ಗಾಯಗೊಳಿಸಿದರೆ 121ನೇ ಕಲಂ. ಫಾರಂ ಕಿತ್ತುಕೊಂಡರೆ ಮೊದಲು ಇಆರ್‌ಒಗೆ ಬರೆಯಿರಿ, ಪೊಲೀಸು ದೂರಿನಲ್ಲಿ ನಿಮ್ಮ ನೇಮಕಾತಿ ಆದೇಶದ ಪ್ರತಿಯನ್ನು ಲಗತ್ತಿಸಿ. ಆಯೋಗ ಈಗ ಬಿಎಲ್‌ಒಗಳಿಗೆ ಭಾವಚಿತ್ರವಿರುವ ಗುರುತು ಚೀಟಿ ಕೊಡುತ್ತಿದೆ. ಅದನ್ನು ಕೊರಳಲ್ಲಿ ಹಾಕಿಕೊಂಡೇ ಮನೆಗೆ ಹೋಗಿ.

ಕೆಲಸದ ಹೊರೆಯ ಬಗ್ಗೆ ನ್ಯಾಯಾಲಯಗಳು ಕಣ್ಣು ಮುಚ್ಚಿಲ್ಲ. ಅಧ್ಯಾಪಕರನ್ನು ಪಟ್ಟಿ ಪರಿಷ್ಕರಣೆಗೆ ಸಾಮಾನ್ಯವಾಗಿ ರಜಾದಿನಗಳಲ್ಲಿ ಮತ್ತು ಪಾಠವಿಲ್ಲದ ಸಮಯದಲ್ಲಿ ಮಾತ್ರ ಹಚ್ಚಬೇಕೆಂದು ಸೇಂಟ್ ಮೇರೀಸ್ ಶಾಲೆಯ ಪ್ರಕರಣದಲ್ಲಿ 2007ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಚುನಾವಣಾ ಕರ್ತವ್ಯಕ್ಕೆ ವಿನಾಯಿತಿ ಕೊಟ್ಟಿರುವುದರಿಂದ ‘ನಾನು ಬರುವುದೇ ಇಲ್ಲ’ ಎನ್ನಲು ಅಧ್ಯಾಪಕರಿಗೆ ದಾರಿಯಿಲ್ಲ. 2025ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಬಿಎಲ್‌ಒಗಳ ಹೊರೆ ತಗ್ಗಿಸಲು ಹೆಚ್ಚುವರಿ ಸಿಬ್ಬಂದಿ ಒದಗಿಸಬೇಕೆಂದೂ, ನಿರ್ದಿಷ್ಟ ಕಾರಣವಿಟ್ಟು ಬಿಡುಗಡೆ ಕೇಳಿದವರ ಮನವಿಯನ್ನು ಒಂದೊಂದಾಗಿ ಪರಿಶೀಲಿಸಬೇಕೆಂದೂ ರಾಜ್ಯಗಳಿಗೆ ಸೂಚಿಸಿತು. ಕಾಯಿಲೆಯಿರುವವರು ಬಾಯಲ್ಲಿ ಗೊಣಗದೆ ಅರ್ಜಿಯಲ್ಲಿ ಕೇಳಬೇಕು.


ಉತ್ತರ 5
ಬರೆದವರು: ಗಡಿನಾಡ ಓದುಗ

ಒಂದು ಮಾತನ್ನು ಸೇರಿಸಬೇಕೆನಿಸಿತು. 13ಸಿಸಿ ಕಲಮನ್ನು ಇಲ್ಲಿ ಆಸರೆಯೆಂದು ಬಣ್ಣಿಸಲಾಗಿದೆ. ಸ್ಥಳೀಯ ರಾಜಕೀಯದಿಂದ ಅದು ಕಾಯುತ್ತದೆ, ಒಪ್ಪಿದೆ; ಆಯೋಗದಿಂದ ಕಾಯುವವರು ಯಾರು? ಆಯೋಗದ ಶಿಸ್ತಿನ ಅಧಿಕಾರ ಎಲ್ಲಿಯವರೆಗೆ ಎಂಬ ತಕರಾರು 1993ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ 2000ದಲ್ಲಿ ಕೇಂದ್ರ ಸರ್ಕಾರದೊಂದಿಗಿನ ಒಪ್ಪಂದದಲ್ಲಿ ಮುಗಿಯಿತು. ಕರ್ತವ್ಯಲೋಪಕ್ಕಾಗಿ ಅಮಾನತು ಮಾಡುವುದು, ಬದಲಿ ಅಧಿಕಾರಿಯನ್ನು ಹಾಕಿಸುವುದು, ಶಿಸ್ತುಕ್ರಮಕ್ಕೆ ಶಿಫಾರಸು ಮಾಡುವುದು, ಇವೆಲ್ಲ ಆಯೋಗದ ಕೈಯಲ್ಲಿವೆ. 2025ರ ಆಗಸ್ಟಿನಲ್ಲಿ ಪಶ್ಚಿಮ ಬಂಗಾಳದ ಇಬ್ಬರು ಇಆರ್‌ಒ ಮತ್ತು ಇಬ್ಬರು ಸಹಾಯಕ ಇಆರ್‌ಒಗಳ ಅಮಾನತಿಗೆ ಆಯೋಗ ಸೂಚಿಸಿದಾಗ ರಾಜ್ಯ ಸರ್ಕಾರ ಮೊದಲು ಸೆಟೆದು ನಿಂತು ಕೊನೆಗೆ ಮಣಿಯಿತು. ಇಬ್ಬರು ಯಜಮಾನರ ನಡುವೆ ಸಿಕ್ಕಿದ್ದು ಆ ನಾಲ್ವರು.

ಇನ್ನೊಂದು ಹೋಲಿಕೆ ನೋಡಿ. ಆಯುಕ್ತರ ನೇಮಕಾತಿ ಕುರಿತ 2023ರ ಕಾಯ್ದೆಯ 16ನೇ ಕಲಂ, ಮುಖ್ಯ ಚುನಾವಣಾ ಆಯುಕ್ತರು ಮತ್ತು ಆಯುಕ್ತರು ಕರ್ತವ್ಯದಲ್ಲಿ ಮಾಡಿದ ಕೃತ್ಯಕ್ಕೆ ಸಿವಿಲ್, ಕ್ರಿಮಿನಲ್ ಎರಡೂ ಮೊಕದ್ದಮೆಗಳನ್ನು ತಡೆಯುತ್ತದೆ. ಮೇಲಿದ್ದವರಿಗೆ ಕಂಬಳಿ, ಕೆಳಗಿನವರಿಗೆ ಟವೆಲು. ಬಿಎಲ್‌ಒ ಹುದ್ದೆಯ ಅಧಿಕಾರ ಮತ್ತು ರಕ್ಷಣೆಯನ್ನು 1950ರ ಕಾಯ್ದೆಯೊಳಗೇ ಹೆಸರಿಟ್ಟು ಬರೆಯುವ ಕಾಲ ಬಂದಿದೆ ಎಂದು ನನ್ನ ಅನಿಸಿಕೆ. 13ಬಿ ಕಲಮಿನ ‘ಸೂಕ್ತವೆಂದು ಕಂಡವರು’ ಎಂಬ ಮಾತಿನ ನೆರಳಿನಲ್ಲಿ ಎಷ್ಟು ಕಾಲ ನಿಲ್ಲುವುದು?


ಮರುಮಾತು
ಬರೆದವರು: ಗಡಿಶಾಲೆಯ ಮಾಸ್ತರ್

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹತ್ತು ಅರ್ಜಿಗಳಿಗೆ ರಸೀದಿ ಕೊಟ್ಟು, ಉಳಿದವುಗಳ ಬಗ್ಗೆ ಇಆರ್‌ಒಗೆ ಪತ್ರ ಬರೆದೆ. ದುಬೈಯ ಹುಡುಗನ ತಂದೆಗೆ ಫಾರಂ 6ಎ ವಿಷಯ ಹೇಳಿದೆ. ಪಾಸ್‌ಪೋರ್ಟ್ ಪ್ರತಿ ತರಿಸುತ್ತೇನೆಂದರು, ದಾವೆಯ ಸುದ್ದಿ ಎತ್ತಲಿಲ್ಲ. ಒಂದು ಸಣ್ಣ ಸಂಶಯ ಉಳಿದಿದೆ. ನನ್ನ ನೇಮಕಾತಿ ಆದೇಶ ಮಲಯಾಳದಲ್ಲಿದೆ, ಓದಿಕೊಳ್ಳಬಲ್ಲೆ, ಆದರೆ ಕಾನೂನಿನ ವಿಷಯವನ್ನು ಮಲಯಾಳದಲ್ಲಿ ತಪ್ಪಿಲ್ಲದೆ ಬರೆಯುವ ಧೈರ್ಯ ನನಗಿಲ್ಲ. ಪತ್ರವನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. ಅದನ್ನು ಬದಿಗೆ ತಳ್ಳಿಬಿಟ್ಟರೆ?


ಉತ್ತರ 6
ಬರೆದವರು: ಹಳೆಯ ದಫ್ತರದವ

ತಳ್ಳುವಂತಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕನ್ನಡಿಗರಿಗೆ ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕೆನ್ನುತ್ತದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿಯೂ ಇದೆ. ನೀವು ಆಯೋಗದ ಕೆಲಸದಲ್ಲಿರುವುದರಿಂದ ಭಾಷಾ ಕಾಯ್ದೆ ಅನ್ವಯಿಸದು ಎಂದು ಯಾರಾದರೂ ಕೊಂಕು ತೆಗೆದರೂ ತೆಗೆದಾರು, ದಫ್ತರಿನಲ್ಲಿ ಅಂಥ ಜಾಣರು ಇದ್ದೇ ಇರುತ್ತಾರೆ. ಅದಕ್ಕೆ ಒಂದು ಉಪಾಯ: ಪತ್ರದ ತಲೆಯಲ್ಲಿ ಭಾಗ ಸಂಖ್ಯೆ, ಅರ್ಜಿಗಳ ಸಂಖ್ಯೆ, ದಿನಾಂಕ ಇವಿಷ್ಟನ್ನು ಎರಡು ಸಾಲು ಮಲಯಾಳದಲ್ಲೂ ಬರೆದು, ಒಳಗಿನ ವಿವರವನ್ನು ಕನ್ನಡದಲ್ಲೇ ಇಡಿ. ಕಚೇರಿಯ ಸ್ವೀಕೃತಿ ಮೊಹರು ಬಿದ್ದ ಪ್ರತಿಯನ್ನು ಶಾಲೆಯಲ್ಲಿ ಇಡಬೇಡಿ, ಮನೆಯಲ್ಲಿ ಇಟ್ಟುಕೊಳ್ಳಿ.